ಹಾಳೆ ಟೋಪಿ ತೆಗೆಸಿದ ಸಾಹೇಬರಿಗೆ

ಶಾಮಿಯಾನದ ನೆರಳಿನಲ್ಲಿ ಕುಳಿತು ಬಿಸಿಲಿನಲ್ಲಿದ್ದ ಮಕ್ಕಳಿಗೆ ಶಿಸ್ತು ಕಲಿಸಿದ ಮಾನ್ಯರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯ ಶಾಲಾಮಕ್ಕಳು ಸೇರಿದ್ದ ಜನವರಿಯ ಕ್ರೀಡಾಕೂಟಕ್ಕೆ ತಾವು ಅಧ್ಯಕ್ಷರಾಗಿದ್ದಿರಿ. ಆ ದಿನ ತಾವು ನನ್ನ ಮಗಳು ಸಿಂಚನಾಳ ತಲೆಯ ಮೇಲಿದ್ದ ಅಡಿಕೆ ಹಾಳೆಯ ಟೋಪಿಯನ್ನು ತೆಗೆಸಿದಿರಿ. ಅಂದಿನಿಂದ ಅವಳು ಬಿಸಿಲಿರುವಾಗ ನಮ್ಮ ಮನೆಯ ಹೊಸ್ತಿಲು ದಾಟಿಲ್ಲ. ಒಂಬತ್ತನೇ ತರಗತಿಯ ಹುಡುಗಿ, ಶಾಲೆ ಬಿಟ್ಟು ಕುಳಿತಿದ್ದಾಳೆ. ನನ್ನ ದೂರು ಇಷ್ಟೇ. ಇದನ್ನೇ ವಿನಯಪೂರ್ವಕವಾಗಿ ಅರ್ಜಿಯಲ್ಲಿ ಬರೆದು ತಮ್ಮ ಕಚೇರಿಗೆ ಕೊಟ್ಟೆ. ಪರಿಶೀಲಿಸುತ್ತೇವೆ ಎಂದರು. ಏನನ್ನು ಪರಿಶೀಲಿಸುತ್ತಾರೆ, ಸೂರ್ಯನನ್ನೇ? ಆದ್ದರಿಂದ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಪತ್ರಿಕೆಯವರು ಹಾಕಿದರೆ ಸರಿ. ಹಾಕದಿದ್ದರೆ ನನ್ನದೇ ಒಂದು ಮುದ್ರಣದ ಅಂಗಡಿಯಿದೆ, ಅಚ್ಚು ಹಾಕಿಸಿ ಬಸ್‌ಸ್ಟ್ಯಾಂಡಿನಲ್ಲಿ ಹಂಚುತ್ತೇನೆ.

ಮೊದಲು ನನ್ನ ಮಗಳ ಪರಿಚಯ ಮಾಡಿಕೊಡುತ್ತೇನೆ, ಏಕೆಂದರೆ ತಾವು ಅವಳ ಮುಖ ನೋಡಲಿಲ್ಲ, ಟೋಪಿ ಮಾತ್ರ ನೋಡಿದಿರಿ. ಸಿಂಚನಾಗೆ ಎರಡು ತೊಂದರೆಗಳಿವೆ. ಒಂದನೆಯದು ಚರ್ಮದ್ದು. ಬಿಸಿಲು ತಾಗಿದರೆ ಮುಖ, ಕುತ್ತಿಗೆ, ಮುಂಗೈ ತುಂಬ ಕೆಂಪಗೆ ಬೊಕ್ಕೆ ಏಳುತ್ತವೆ, ವಾರಗಟ್ಟಲೆ ಉರಿಯುತ್ತವೆ. ಎರಡನೆಯದನ್ನು ಕಣ್ಣಿಗೆ ತೋರಿಸಲು ಬರುವುದಿಲ್ಲ. ನಮಗೆಲ್ಲ ಮುಟ್ಟಿದ್ದು ಮುಟ್ಟಿದಷ್ಟೇ ಗೊತ್ತಾದರೆ ಅವಳಿಗೆ ಅದು ಹತ್ತು ಪಟ್ಟು ಗೊತ್ತಾಗುತ್ತದೆ. ಅಂಗಿಯ ಕಾಲರಿನ ಚೀಟಿ ಅವಳಿಗೆ ಮುಳ್ಳು. ಉಲ್ಲನ್ ಟೋಪಿ ಹಾಕಿದರೆ ತಲೆಯ ಮೇಲೆ ಇರುವೆ ಬಿಟ್ಟಂತಾಗುತ್ತದೆ ಎನ್ನುತ್ತಾಳೆ. ಎಲಾಸ್ಟಿಕ್ ಇರುವ ಯಾವುದೂ ಆಗದು, ಕಿವಿಗೆ ತಾಗುವ ಯಾವುದೂ ಆಗದು. ಶಿವಮೊಗ್ಗದ ವೈದ್ಯರು ಇದಕ್ಕೆ ಇಂದ್ರಿಯ ಸೂಕ್ಷ್ಮತೆ ಎಂದರು. ನಮ್ಮ ಊರಿನವರು ಇದಕ್ಕೆ ಹಠ ಎಂದರು, ಮುದ್ದು ಹೆಚ್ಚಾಯಿತು ಎಂದರು. ತಾವು ಅದಕ್ಕೆ ಅಶಿಸ್ತು ಎಂದಿರಿ. ಎಲ್ಲರಿಗೂ ಒಂದೊಂದು ಹೆಸರು ಸಿಕ್ಕಿತು, ಉರಿ ಮಾತ್ರ ಅವಳ ಪಾಲಿಗೆ ಉಳಿಯಿತು.

ಸನ್‌ಸ್ಕ್ರೀನ್ ಹಚ್ಚಬಹುದಲ್ಲ ಎಂದು ತಾವು ಕೇಳಿದ್ದಿರಿ. ಎಂಥ ಅಪೂರ್ವ ಸಲಹೆ! ನಮಗೆ ಹೊಳೆದೇ ಇರಲಿಲ್ಲ ನೋಡಿ. ಸಾಗರದ ಮೆಡಿಕಲ್ ಶಾಪುಗಳಿಂದ ಹಿಡಿದು ಕೊರಿಯರ್‌ನವನು ತಂದುಕೊಡುವ ಪೊಟ್ಟಣಗಳವರೆಗೆ ನಾನು ತರಿಸದ ಕ್ರೀಮೇ ಇಲ್ಲ. ಗಟ್ಟಿಯದು, ನೀರಾದದ್ದು, ಸ್ಪ್ರೇ ಮಾಡುವುದು, ಕಡ್ಡಿಯಂತೆ ಉಜ್ಜುವುದು, ವಾಸನೆಯೇ ಇಲ್ಲ ಎಂದು ಮೈಮೇಲೆ ಬರೆದುಕೊಂಡದ್ದು. ಆ ವಾಸನೆಯಿಲ್ಲದ್ದರ ಮುಚ್ಚಳ ನಾನು ಅಡುಗೆಮನೆಯಲ್ಲಿ ತೆಗೆದರೆ ಅವಳು ಜಗಲಿಯಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆದರೂ ಹುಡುಗಿ ಪ್ರಯತ್ನ ಬಿಡಲಿಲ್ಲ. ನಾನು ಒತ್ತಾಯ ಮಾಡದಿದ್ದರೂ ತಾನೇ ಒಂದು ಬಟಾಣಿಯಷ್ಟು ತೆಗೆದು ಮಣಿಕಟ್ಟಿಗೆ ಹಚ್ಚಿಕೊಂಡಳು. ಆ ಕೈಯನ್ನು ಮೈಯಿಂದ ದೂರ ಚಾಚಿ ಹಿಡಿದುಕೊಂಡು, ಅದು ಯಾರದೋ ಕೈ ಎನ್ನುವ ಹಾಗೆ ನೋಡುತ್ತ ಕುಳಿತಳು. ಕಣ್ಣಲ್ಲಿ ನೀರು ಹರಿಯುತ್ತಿತ್ತು. ಆಮೇಲೆ ಬಚ್ಚಲಿಗೆ ಹೋಗಿ ತೆಂಗಿನ ನಾರಿನಿಂದ ಉಜ್ಜಿದಳು, ರಕ್ತ ಬರುವವರೆಗೆ ಉಜ್ಜಿದಳು.

ಏನಾಗುತ್ತದೆ ಮಗಾ ಎಂದು ಕೇಳಿದೆ. ಅವಳು ಹೇಳಿದಳು:

"ಅದನ್ನ ಹಚ್ಚಿದ್ ಮೇಲೆ ಆ ಚರ್ಮ ನಂದಲ್ಲ ಅನ್ಸುತ್ತೆ ಅಮ್ಮ. ತೆಗ್ದು ಹಾಕ್ಬೇಕು ಅನ್ಸುತ್ತೆ."

ಮಾನ್ಯರೇ, ತಮಗೆ ಯಾವುದರ ಮೇಲಾದರೂ ಹೇಸಿಗೆ ಹುಟ್ಟಿದ್ದಿದೆಯೇ? ಊಟದ ಎಲೆಯಲ್ಲಿ ಬೇರೆಯವರ ಕೂದಲು ಸಿಕ್ಕಾಗ ಆಗುತ್ತದಲ್ಲ, ಅಂಥದ್ದು? ಆ ಹೇಸಿಗೆಯನ್ನು ಮುಖಕ್ಕೆಲ್ಲ ಬಳಿದುಕೊಂಡು, ಅದು ಒಣಗುವವರೆಗೆ ನಗುನಗುತ್ತ ಸಾಲಿನಲ್ಲಿ ನಿಲ್ಲಬೇಕು ಎಂದರೆ ನಿಲ್ಲುತ್ತೀರಾ? ಅಭ್ಯಾಸ ಮಾಡಿಸಿ, ಎಲ್ಲ ಸರಿಹೋಗುತ್ತದೆ ಎಂದು ಹೇಳುವವರೆಲ್ಲ ಮೊದಲು ಆ ಕೂದಲಿನ ಅಭ್ಯಾಸ ಮಾಡಿಕೊಂಡು ಬರಲಿ.

ನಮ್ಮ ಮಲೆನಾಡಿನವರದೇ ಒಂದು ಮೂರ್ಖತನವಿದೆ, ಅದನ್ನೂ ಹೇಳಿಬಿಡುತ್ತೇನೆ. ನಾವು ಮಳೆಗೆ ಮಾತ್ರ ಹೆದರುವ ಜನ. ಮಳೆಗಾಲ ಬರುವ ಮುಂಚೆ ಕಂಬಳಿ, ಕೊಡೆ, ಸೌದೆ, ಹಪ್ಪಳ ಎಲ್ಲ ಸಜ್ಜಾಗುತ್ತದೆ. ದೀಪಾವಳಿ ಕಳೆಯಿತೋ, ಕೊಡೆಗಳು ಅಟ್ಟ ಸೇರುತ್ತವೆ. ಆಮೇಲೆ ಬಿಸಿಲಿಗೆಂದು ಯಾರಾದರೂ ಕೊಡೆ ಬಿಡಿಸಿದರೆ ಬೀದಿಯವರೆಲ್ಲ ನಗುತ್ತಾರೆ. ಎಂತ ಮಾರಾಯ್ತಿ, ಮಳೆ ಬಂತಾ ಎಂದು ಕೇಳುತ್ತಾರೆ. ಮಲೆನಾಡಿನಲ್ಲಿ ಬಿಸಿಲೇ ಇಲ್ಲ ಎಂದು ನಮ್ಮ ಅಜ್ಜಂದಿರು ನಂಬಿದ್ದರು, ಏಕೆಂದರೆ ಅವರ ತಲೆಯ ಮೇಲೆ ಮರಗಳಿದ್ದವು. ಈಗ ರಸ್ತೆ ಅಗಲ ಮಾಡಲು ಮರ ಕಡಿದಾಯಿತು, ಮೈದಾನ ಚೆಂದ ಕಾಣಲು ಮರ ಕಡಿದಾಯಿತು. ನಂಬಿಕೆ ಮಾತ್ರ ಕಡಿದಿಲ್ಲ, ಹಾಗೇ ಇದೆ. ನನ್ನ ಮಗಳು ಕೊಡೆ ಹಿಡಿದು ಶಾಲೆಗೆ ಹೋದ ದಿನಗಳಲ್ಲಿ ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟರು. ಕೊನೆಗೆ ಕೊಡೆಯೂ ಬೇಡವಾಯಿತು. ಗಾಳಿಗೆ ಕೊಡೆಯ ಬಟ್ಟೆ ಪಟಪಟ ಎನ್ನುವುದು ಅವಳ ಕಿವಿಗೆ ಆಗುತ್ತಿರಲಿಲ್ಲ.

ಆಗ ನನ್ನ ಅಪ್ಪ ಕೆರಿಯಪ್ಪ ಈ ವಿಷಯಕ್ಕೆ ತಲೆ ಹಾಕಿದ. ಅವನು ದೊಡ್ಡ ಜ್ಞಾನಿಯೇನೂ ಅಲ್ಲ. ಬಾಯಿ ಜೋರು, ಎಲ್ಲದಕ್ಕೂ ಡಾಕ್ಟರುಗಳನ್ನು ಬೈಯುತ್ತಾನೆ. ಮೊಮ್ಮಗಳು ಶಾಲೆಯಿಂದ ಬೊಕ್ಕೆಯೆದ್ದ ಮುಖದಲ್ಲಿ ಬಂದ ಒಂದು ಸಂಜೆ, ನಾವೆಲ್ಲ ಆಯುಷ್ಯವೆಲ್ಲ ಬಿಸಿಲಲ್ಲಿ ಕೆಲಸ ಮಾಡಿದ್ದು ಹಾಳೆ ಟೋಪಿ ಹಾಕಿಕೊಂಡೇ, ಇವಳಿಗೆ ಅದೇ ಸಾಕು ಎಂದು ಘೋಷಿಸಿದ. ಮಾಡಿದ ಮೊದಲನೆಯ ಟೋಪಿ ಒಣಗಿ ಸೀಳಿತು. ಎರಡನೆಯದು ಕಿವಿಗೆ ತಾಗಿತು, ಅವಳು ಕಿತ್ತೆಸೆದಳು. ಅಪ್ಪ ಬೈದ, ಅಡಿಕೆ ಮರದಿಂದ ಉದುರಿದ ಇನ್ನೊಂದು ಹಾಳೆ ತಂದು ನೆನೆಸಿದ. ಹಳೆಯ ಟೋಪಿ ತಲೆಗೆ ಬೋಗುಣಿ ಕವುಚಿದಂತೆ ಕೂರುತ್ತದೆ, ಮುಖಕ್ಕೆ ನೆರಳು ಕೊಡುವುದಿಲ್ಲ. ಇದಕ್ಕೆ ಸುತ್ತಲೂ ಅಗಲವಾದ ಅಂಚು ಬಿಟ್ಟ. ದಾರದ ಗಂಟುಗಳೆಲ್ಲ ಹೊರಗಡೆ ಬರುವಂತೆ ಹೊಲಿದ, ಏಕೆಂದರೆ ಒಳಗಿನ ಒಂದು ಗಂಟೂ ಅವಳಿಗೆ ಆಗದು. ಅವಳು ಹಾಕಿಕೊಂಡಳು. ಕಣ್ಣು ಮುಚ್ಚಿ ನಿಂತಳು. ಸದ್ದಿಲ್ಲ, ವಾಸನೆಯಿಲ್ಲ, ಜಿಗುಟಿಲ್ಲ. ಆಮೇಲೆ ಅಂಗಳಕ್ಕೆ ಇಳಿದು ಬಿಸಿಲಿನಲ್ಲಿ ಒಂದು ಸುತ್ತು ಬಂದಳು. ನಾನು ಬಾಗಿಲಲ್ಲಿ ನಿಂತು ಅತ್ತೆ, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಟೋಪಿ ಬಂದ ಮೇಲೆ ಅವಳು ನಡೆಯತೊಡಗಿದಳು. ಕಬಡ್ಡಿ, ಖೋಖೋ ಅವಳಿಗೆ ಸಾಧ್ಯವಿಲ್ಲ, ಅಲ್ಲಿ ಮೈ ಮುಟ್ಟುತ್ತಾರೆ. ನಡಿಗೆ ಸ್ಪರ್ಧೆಯಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಅದಕ್ಕೆ ನಿಯಮಗಳಿವೆ, ಒಂದು ಕಾಲು ಸದಾ ನೆಲದ ಮೇಲಿರಬೇಕು, ಮಂಡಿ ನೆಟ್ಟಗಿರಬೇಕು. ಸಿಂಚನಾಗೆ ನಿಯಮ ಎಂದರೆ ಪ್ರಾಣ. ಒಮ್ಮೆ ಹೇಳಿದ ನಿಯಮವನ್ನು ಅವಳು ಮುರಿಯಲಾರಳು, ಬೇರೆಯವರು ಮುರಿದರೆ ಸಹಿಸಲಾರಳು. ಶಾಲೆಯ ದೈಹಿಕ ಶಿಕ್ಷಕರಾದ ಶ್ರೀಕೃಷ್ಣ ಮೇಷ್ಟ್ರು ಇವಳ ನಡಿಗೆ ನೋಡಿ, ಇಷ್ಟು ಶುದ್ಧವಾಗಿ ನಡೆಯುವ ಹುಡುಗಿಯನ್ನು ನಾನು ಕಂಡಿಲ್ಲ ಎಂದರು. ಹೆಸರು ಬರೆಸಿದರು. ವೈದ್ಯರ ಚೀಟಿ ಪಡೆದು ಇಟ್ಟುಕೊಂಡು, ಟೋಪಿಗೆ ಏನೂ ಅಡ್ಡಿಯಿಲ್ಲ, ನಾನು ಹೇಳುತ್ತೇನೆ ಎಂದು ಭರವಸೆ ಕೊಟ್ಟರು. ಹುಡುಗಿ ತಿಂಗಳುಗಟ್ಟಲೆ ಶಾಲೆಯಿಂದ ಮನೆಗೆ ಬಸ್ಸಿನಲ್ಲಿ ಬರಲೇ ಇಲ್ಲ, ನಡೆದೇ ಬಂದಳು.

ಈಗ ತಮ್ಮ ದಿನಕ್ಕೆ ಬರೋಣ. ಬೆಳಿಗ್ಗೆ ಬೇಗನೇ ಮಕ್ಕಳನ್ನು ಪಥಸಂಚಲನಕ್ಕೆ ಸಾಲು ನಿಲ್ಲಿಸಿದ್ದರು. ತಾವು ಬಂದದ್ದು ಬಿಸಿಲು ನೆತ್ತಿಗೇರುವ ಹೊತ್ತಿಗೆ. ತಮಗೆ ಕೆಲಸ ಬಹಳ, ಅರ್ಥವಾಗುತ್ತದೆ. ಮಕ್ಕಳಿಗೆ ಕೆಲಸವಿರಲಿಲ್ಲವಲ್ಲ, ನಿಂತಿದ್ದರು. ಇಬ್ಬರು ತಲೆಸುತ್ತಿ ಕುಳಿತರು, ಅವರನ್ನು ಬದಿಗೆ ಸರಿಸಿ ಸಾಲು ಸರಿಪಡಿಸಿದರು. ನಾನು ಆಗ ವೇದಿಕೆಯ ಹಿಂದೆ ಇದ್ದೆ. ತಮಗೆ ಕೊಡಲಿದ್ದ ಸನ್ಮಾನ ಪತ್ರವನ್ನು ಮುದ್ರಿಸಿ, ಕಟ್ಟು ಹಾಕಿಸಿ ತಂದಿದ್ದವಳು ನಾನೇ. ಸಮಿತಿಯವರು ಬರೆದುಕೊಟ್ಟ ಒಂದು ಸಾಲು ಬಾಯಿಪಾಠವಾಗಿಬಿಟ್ಟಿದೆ: "ಬೆಂದ ಬದುಕುಗಳಿಗೆ ತಂಪು ನೆರಳೀಯುವ ಹೆಮ್ಮರವೇ". ಅದಕ್ಕೆ ಬಂಗಾರದ ಬಣ್ಣದ ಅಕ್ಷರ ಹಾಕಿ ಎಂದಿದ್ದರು, ಹಾಕಿದ್ದೆ.

ಆ ಹೆಮ್ಮರವು ಸಾಲುಗಳ ಮುಂದೆ ನಡೆದು ಬರುತ್ತ ನನ್ನ ಮಗಳ ಎದುರು ನಿಂತಿತು. ಶ್ರೀಕೃಷ್ಣ ಮೇಷ್ಟ್ರು ಚೀಟಿ ಹಿಡಿದು ಮುಂದೆ ಬಂದರು. ತಾವು ಆ ಚೀಟಿಯ ಕಡೆ ನೋಡಲಿಲ್ಲ.

"ಮಲೆನಾಡಲ್ಲಿ ಎಂಥ ಬಿಸಿಲ್ರೀ ಮೇಷ್ಟ್ರೇ? ಇವಳೇನು ಕೂಲಿಗೆ ಬಂದಿದ್ದಾಳಾ? ತೆಗೆಸಿ ಅದನ್ನ. ಕ್ರೀಮಿದ್ರೆ ಹಚ್ಚಿ ನಿಲ್ಲಿಸಿ."

ಕೂಲಿಗೆ! ಹೌದು ಸ್ವಾಮಿ, ನಮ್ಮ ಅಪ್ಪ ಈ ಟೋಪಿ ಹಾಕಿಕೊಂಡು ಬೇರೆಯವರ ತೋಟದಲ್ಲಿ ಕೂಲಿ ಮಾಡಿದವನೇ, ಗೇಣಿ ಮಾಡಿದವನೇ. ಆಮೇಲೆ ಅದೇ ಟೋಪಿ ಹಾಕಿಕೊಂಡು ತನ್ನದೇ ಹೊಲದಲ್ಲಿ ದುಡಿದ. ಅದರಲ್ಲಿ ಅವಮಾನವಾಗುವಂಥದ್ದು ಏನಿದೆ ಎಂದು ಈ ಮೂರು ತಾಲ್ಲೂಕುಗಳಲ್ಲಿ ಯಾರನ್ನಾದರೂ ಕೇಳಿ ನೋಡಿ. ತಾವು ಉಣ್ಣುವ ಅನ್ನ, ಅಗಿಯುವ ಅಡಿಕೆ ಯಾವ ಟೋಪಿಯ ಕೆಳಗಿನಿಂದ ಬಂತು ಎಂದುಕೊಂಡಿದ್ದೀರಿ?

ಟೋಪಿ ತೆಗೆದರು. ಅವಳ ಶಾಲೆಯ ವನಮಾಲಾ ಟೀಚರ್ ಒಳ್ಳೆಯವರು, ಮಗುವಿನ ಮುಖ ಸುಡಬಾರದು ಎಂದು ತಮ್ಮ ಚೀಲದಲ್ಲಿದ್ದ ಕ್ರೀಮು ತೆಗೆದು ಅವಳ ಕೆನ್ನೆಗೆ, ಕುತ್ತಿಗೆಗೆ ಬಳಿದರು. ಅವರನ್ನು ನಾನು ದೂರುವುದಿಲ್ಲ. ತಮ್ಮ ಮಾತು ಕೇಳಿದ ಮೇಲೆ ಅವರಿಗೆ ಹಚ್ಚುವುದಿಲ್ಲ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ನಾನು ಸನ್ಮಾನ ಪತ್ರವನ್ನು ಅಲ್ಲೇ ಇಟ್ಟು ಓಡಿದೆ. ನಾನು ತಲುಪುವಷ್ಟರಲ್ಲಿ ಸಿಂಚನಾ ನೆಲಕ್ಕೆ ಕುಳಿತು, ಮೈದಾನದ ಮಣ್ಣನ್ನು ಬಾಚಿ ಬಾಚಿ ಮುಖಕ್ಕೆ ಉಜ್ಜಿಕೊಳ್ಳುತ್ತಿದ್ದಳು. ಅವಳ ಬಾಯಿಂದ ಬರುತ್ತಿದ್ದ ಸದ್ದನ್ನು ನಾನು ಇಲ್ಲಿ ಬರೆಯಲಾರೆ. ಸುತ್ತಲಿನ ಮಕ್ಕಳು ನಕ್ಕರು, ಮಕ್ಕಳಲ್ಲವೇ. ತಾವೂ ನಕ್ಕಿರಿ. ಅದು ಸಣ್ಣ ನಗು, ತುಟಿಯ ಒಂದು ಬದಿಯದು. ಆ ನಗುವನ್ನು ನೆನೆಸಿಕೊಂಡಾಗಲೆಲ್ಲ ನನಗೂ ಮೈಮೇಲೆ ಏನೋ ಬಳಿದಂತಾಗುತ್ತದೆ. ಈಗ ಗೊತ್ತಾಗಿದೆ ನನಗೆ, ಅವಳಿಗೆ ಏನಾಗುತ್ತದೆ ಎಂಬುದು.

ಆಮೇಲೆ ತಾವು ವೇದಿಕೆ ಹತ್ತಿ ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿದಿರಿ: "ಬಿಸಿಲು ತಡೆಯೋಕಾಗದವರು ಮನೇಲಿರಲಿ. ಟೋಪಿ ಹಾಕ್ಕೊಂಡು ಹೊರಗೆ ಬರೋದು ಬೇಡ." ಚಪ್ಪಾಳೆ ಬಿತ್ತು. ನಡಿಗೆ ಸ್ಪರ್ಧೆಯ ಪಟ್ಟಿಯಿಂದ ಅಶಿಸ್ತಿನ ಕಾರಣ ಹೇಳಿ ಅವಳ ಹೆಸರು ಹೊಡೆದು ಹಾಕಿದರು.

ಇನ್ನು ಹೇಳುವುದು ತಮಗೆ ನೆನಪಿದೆಯೋ ಇಲ್ಲವೋ ಕಾಣೆ. ನಾನು ಮಗಳ ಮುಖ ತೊಳೆಸಿ ವೇದಿಕೆಯ ಹಿಂದಿನ ನೆರಳಿನಲ್ಲಿ ಕೂರಿಸಿದ ಸ್ವಲ್ಪ ಹೊತ್ತಿನಲ್ಲೇ ತಮಗೆ ಸನ್ಮಾನವಾಯಿತು. ಶಾಲು ಹೊದಿಸಿದರು, ಹಾರ ಹಾಕಿದರು. ಮಲೆನಾಡಿನ ಸಂಸ್ಕೃತಿಯ ಪ್ರತೀಕ ಎಂದು ನಿರೂಪಕರು ರಾಗವಾಗಿ ಹೇಳುತ್ತಿರುವಾಗ ತಮ್ಮ ತಲೆಗೆ ಏನನ್ನು ಇಟ್ಟರು? ಹಾಳೆ ಟೋಪಿಯನ್ನು! ಕೆಂಪು ಹಸಿರು ಬಣ್ಣ ಬಳಿದು, ಅಂಚಿಗೆ ಜರಿ ಅಂಟಿಸಿದ ಹಾಳೆ ಟೋಪಿ. ತಾವು ಕೈ ಮುಗಿದು, ತಲೆ ಓರೆ ಮಾಡಿ ಫೋಟೋಕ್ಕೆ ನಿಂತಿರಿ. ಯಾರೂ ತಮ್ಮನ್ನು ಕೂಲಿಗೆ ಬಂದಿರಾ ಎಂದು ಕೇಳಲಿಲ್ಲ. ಅಂಗೈಯಗಲ ಬಿಸಿಲೂ ಬೀಳದ ಜಾಗದಲ್ಲಿ ತಮಗೆ ಟೋಪಿ, ಸುಡುವ ಮೈದಾನದಲ್ಲಿ ಅವಳಿಗೆ ಬರಿತಲೆ. ಇದನ್ನು ಏನೆಂದು ಕರೆಯಬೇಕು, ತಾವೇ ಹೇಳಿ.

ಕಾರ್ಯಕ್ರಮ ಮುಗಿದ ಮೇಲೆ ಮಗಳನ್ನು ಮೇಷ್ಟ್ರ ಬಳಿ ಬಿಟ್ಟು, ಸನ್ಮಾನ ಪತ್ರಕ್ಕೆ ಕಟ್ಟು ಹಾಕಿಸಿದ ದುಡ್ಡಿನ ಬಗ್ಗೆ ಮಾತಾಡಲು ವೇದಿಕೆಗೆ ಹೋದೆ. ತಮ್ಮ ಕುರ್ಚಿಯ ಕೆಳಗೆ ಆ ಟೋಪಿ ಮಗುಚಿ ಬಿದ್ದಿತ್ತು. ಅದರೊಳಗೆ ಬಾಳೆಹಣ್ಣಿನ ಸಿಪ್ಪೆ, ಜ್ಯೂಸಿನ ಖಾಲಿ ಲೋಟ, ಯಾರೋ ಉಗಿದ ಎಲೆಯಡಿಕೆಯ ಚೂರು ಇದ್ದವು. ಸಂಸ್ಕೃತಿಯ ಪ್ರತೀಕಕ್ಕೆ ಕಸದ ಬುಟ್ಟಿಯ ಕೆಲಸವೂ ಬರುತ್ತದೆ ಎಂದು ಅಂದು ಕಲಿತೆ. ನಾನು ಅದನ್ನು ಬರಿಗೈಯಲ್ಲಿ ಖಾಲಿ ಮಾಡಿ ಮನೆಗೆ ತಂದೆ, ತೊಳೆದು ಒಣಗಿಸಿದೆ. ನನ್ನ ಮಗಳ ಟೋಪಿ ಸಿಗಲಿಲ್ಲ, ಸಿಕ್ಕಿದ್ದು ಚೂರುಗಳು. ಪಥಸಂಚಲನ ಅದರ ಮೇಲೇ ಹೋಗಿತ್ತು.

ಇಷ್ಟಾದರೂ ನಾನು ಆ ಅರ್ಜಿ ಹಿಡಿದು ತಮ್ಮ ಕಚೇರಿಗೆ ಬಂದೆ. ತಾವು ಬಹಳ ಸಮಾಧಾನದಿಂದ ಮಾತಾಡಿದಿರಿ, ಅದನ್ನು ಒಪ್ಪುತ್ತೇನೆ. ಅಷ್ಟು ಸೂಕ್ಷ್ಮವಿದ್ದರೆ ಮನೆಯಲ್ಲೇ ಇರಿಸಿಕೊಳ್ಳಿ ಅಮ್ಮ, ಈಗ ಮನೆಯಿಂದಲೇ ಪರೀಕ್ಷೆ ಕಟ್ಟಬಹುದಲ್ಲ ಎಂದಿರಿ. ಹೋಗುವಾಗ ಚಹಾ ಕುಡಿಯುತ್ತೀರಾ ಎಂದೂ ಕೇಳಿದಿರಿ.

ತಮಗೆ ಒಂದು ಸಂತೋಷದ ಸುದ್ದಿ ಹೇಳುತ್ತೇನೆ. ಈ ಮೂರು ತಾಲ್ಲೂಕುಗಳಲ್ಲಿ ತಮ್ಮ ಆದೇಶವನ್ನು ಅಕ್ಷರಶಃ ಪಾಲಿಸುತ್ತಿರುವ ಒಬ್ಬಳೇ ಒಬ್ಬಳು ನನ್ನ ಮಗಳು. ಬಿಸಿಲು ತಡೆಯಲಾಗದವರು ಮನೆಯಲ್ಲಿರಲಿ ಎಂದಿರಿ, ಅವಳು ಮನೆಯಲ್ಲಿದ್ದಾಳೆ. ಟೋಪಿ ಹಾಕಿಕೊಂಡು ಹೊರಗೆ ಬರಬೇಡಿ ಎಂದಿರಿ, ಅವಳು ಬರುತ್ತಿಲ್ಲ. ಅಪ್ಪ ಹೊಸ ಟೋಪಿ ಮಾಡಿ ಗೋಡೆಯ ಗೂಟಕ್ಕೆ ತೂಗುಹಾಕಿದ್ದಾನೆ. ಮೊದಲಿನದಕ್ಕಿಂತ ಚೆನ್ನಾಗಿದೆ. ಅವಳು ದಿನಾ ಅದನ್ನು ನೋಡುತ್ತಾಳೆ, ಮುಟ್ಟುವುದಿಲ್ಲ. ಶ್ರೀಕೃಷ್ಣ ಮೇಷ್ಟ್ರು ಮನೆಗೇ ಬಂದು, ಹಾಕಿಕೊಂಡು ಬಾ ಮಗಳೇ, ನಾನಿದ್ದೇನೆ ಎಂದು ಬೇಡಿಕೊಂಡರು. ನಾನೂ ಹೇಳಿ ಸೋತೆ. ಅಪ್ಪನಂತೂ ತಮ್ಮ ಬಗ್ಗೆ ಇಲ್ಲಿ ಮುದ್ರಿಸಲಾಗದ ಮಾತುಗಳನ್ನು ಆಡಿ, ಆ ಮನುಷ್ಯ ಯಾರು ನಿನಗೆ ಬೇಡ ಅನ್ನೋಕೆ ಎಂದು ರೇಗಿದ. ಅವಳು ರೇಗಲಿಲ್ಲ. ತಾಳ್ಮೆಯಿಂದ ವಿವರಿಸಿದಳು.

"ಸಾಹೇಬ್ರು ಮೈಕಲ್ಲಿ ಹೇಳಿದಾರೆ ಅಜ್ಜ. ಅವ್ರು ಹೇಳಿದ್ದನ್ನ ಅವ್ರೇ ವಾಪಸ್ ತಗಬೇಕು. ನೀನ್ ಹೇಳಿದ್ರೆ ಆಗಲ್ಲ."

ಸೂರ್ಯ ಮುಳುಗಿದ ಮೇಲೆ ಅವಳು ಅಂಗಳಕ್ಕೆ ಇಳಿಯುತ್ತಾಳೆ. ಮಂಡಿ ನೆಟ್ಟಗಿಟ್ಟು, ಒಂದು ಕಾಲು ಸದಾ ನೆಲದ ಮೇಲಿಟ್ಟು, ತುಳಸಿಕಟ್ಟೆಯ ಸುತ್ತ ನಡೆಯುತ್ತಾಳೆ. ಯಾರೂ ನೋಡುತ್ತಿಲ್ಲ, ಆದರೂ ಒಂದು ನಿಯಮವನ್ನೂ ತಪ್ಪುವುದಿಲ್ಲ. ಅದನ್ನು ನೋಡುತ್ತ ಕೂರುವುದು ಎಷ್ಟು ಸಂಕಟ ಎಂದು ತಮಗೆ ಹೇಗೆ ಹೇಳಲಿ?

ನನ್ನ ಗಂಡ ಶಿವರಾಮ ಜೋಗದಲ್ಲಿ ನೌಕರಿಯಲ್ಲಿದ್ದಾರೆ. ದೊಡ್ಡವರನ್ನು ಎದುರು ಹಾಕಿಕೊಳ್ಳಬೇಡ ಎಂದರು. ನಾನು ಯಾರನ್ನೂ ಎದುರು ಹಾಕಿಕೊಳ್ಳುತ್ತಿಲ್ಲ. ಸಮಿತಿ ಬೇಡ, ತನಿಖೆ ಬೇಡ, ವಿಷಾದ ವ್ಯಕ್ತಪಡಿಸುವ ಪತ್ರವೂ ಬೇಡ, ಅಂಥ ಪತ್ರಗಳನ್ನು ನಾನೇ ಬೇಕಾದಷ್ಟು ಮುದ್ರಿಸಿದ್ದೇನೆ. ಮುಂದಿನ ಕ್ರೀಡಾಕೂಟದಲ್ಲಿ ಮಕ್ಕಳನ್ನು ನೆರಳಿನಲ್ಲಿ ನಿಲ್ಲಿಸಿ, ತಲೆಗೆ ಏನು ಬೇಕಾದರೂ ಹಾಕಿಕೊಳ್ಳಲು ಬಿಡಿ, ಯಾವ ಮಗುವಿನ ಮೈಗೂ ಅದರ ಒಪ್ಪಿಗೆಯಿಲ್ಲದೆ ಏನನ್ನೂ ಬಳಿಯಬೇಡಿ ಎಂದು ಕೇಳಬಹುದಿತ್ತು. ಕೇಳುತ್ತಿದ್ದೇನೆ ಕೂಡ. ಆದರೆ ಅದೆಲ್ಲ ಆಮೇಲಿನ ಮಾತು.

ಮೊದಲು ತಾವು ನಮ್ಮ ಮನೆಗೆ ಬನ್ನಿ. ಬಂದು ನನ್ನ ಮಗಳ ಎದುರು ನಿಂತು, ನಾನು ಹೇಳಿದ್ದು ತಪ್ಪು, ಟೋಪಿ ಹಾಕಿಕೊಂಡು ಹೊರಗೆ ಬಾ ಎಂದು ತಮ್ಮ ಬಾಯಿಂದಲೇ ಹೇಳಿ. ಬೇರೆಯವರನ್ನು ಕಳಿಸಿದರೆ ಅವಳು ಒಪ್ಪುವುದಿಲ್ಲ, ಫೋನಿನಲ್ಲಿ ಹೇಳಿದರೂ ನಂಬುವುದಿಲ್ಲ. ಮಧ್ಯಾಹ್ನ ಬನ್ನಿ. ಕಾರು ದೊಡ್ಡ ರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ, ನಮ್ಮ ಮನೆಯ ದಾರಿಗೆ ಇಳಿಯುವುದಿಲ್ಲ. ಅಲ್ಲಿಂದ ನಡಿಗೆ. ಆ ದಾರಿಯ ಎರಡೂ ಬದಿ ಈಗ ಒಂದು ಮರವೂ ಇಲ್ಲ. ಸನ್ಮಾನದಲ್ಲಿ ತಮಗೆ ಕೊಟ್ಟ ಬಣ್ಣದ ಟೋಪಿಯನ್ನು ಹಿಡಿದುಕೊಂಡು ನಾನು ರಸ್ತೆಯ ಬದಿಯಲ್ಲೇ ಕಾದಿರುತ್ತೇನೆ, ತಮ್ಮ ಜೊತೆಗೇ ನಡೆಯುತ್ತೇನೆ. ಹಾಕಿಕೊಳ್ಳಿ ಎಂದು ನಾನಾಗಿ ಹೇಳುವುದಿಲ್ಲ. ಮನೆ ಸೇರುವಷ್ಟರಲ್ಲಿ ತಾವೇ ಕೇಳುತ್ತೀರಿ.

ಇಂತಿ,
ತಮ್ಮ ಸನ್ಮಾನ ಪತ್ರದಲ್ಲಿ "ನೆರಳು" ಎಂಬ ಪದವನ್ನು ಬಂಗಾರದ ಅಕ್ಷರಗಳಲ್ಲಿ ಅಚ್ಚು ಹಾಕಿದ ನತದೃಷ್ಟೆ,
ಸುಮನಾ